ಉಮಾಶ್ರೀಯ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ಚಾಲೂ ಮಾಡಿದ ಕೂಡಲೇ ಕಪ್ಪು ಪರದೆಯ ಮೇಲೆ ಒಂದೇ ಸಾಲು ಬಂತು: ಡಿಸ್ಕಿಗೆ ಬೀಗವಿದೆ, ಪಾಸ್‌ವರ್ಡ್ ಹಾಕಿ.

ಯರಗಟ್ಟಿಯ ಬಸ್‌ಸ್ಟ್ಯಾಂಡಿನ ಎದುರು ಇಸ್ರಾರನ ಅಂಗಡಿ. ಹಳೆಯ ಲ್ಯಾಪ್‌ಟಾಪು ಕೊಂಡು, ಸರಿಮಾಡಿ ಮಾರುತ್ತಿದ್ದ. ಇದನ್ನು ಮುನವಳ್ಳಿಯ ಮಾಂತೇಶ ಮುಂಜಾನೆಯಷ್ಟೇ ಕೊಟ್ಟು ಹೋಗಿದ್ದ. ಇಸ್ರಾರ ಅವನಿಗೆ ಫೋನು ಹಚ್ಚಿದ.

“ಪಾಸ್‌ವರ್ಡ್ ಹೇಳ್ರಿ. ಡಿಸ್ಕ್ ಪೂರಾ ಲಾಕ್ ಐತಿ. ಅದಿಲ್ಲಂದ್ರ ಎಲ್ಲಾ ಅಳಿಸಬೇಕಾಗತೈತಿ, ಒಳಗಿಂದೇನೂ ಉಳಿಯೂದಿಲ್ಲ.”

“ಅದು ನನ್ನ ಹೆಂಡತೀದು. ಅಕಿ ತೀರಿಕೊಂಡಾಳ. ಎಲ್ಲಾ ಅಳಿಸಿಬಿಡ್ರಿ,” ಎಂದ ಮಾಂತೇಶ. ತುಸು ತಡೆದು ಕೇಳಿದ: “ಅಳಿಸಿದ ಮ್ಯಾಲ ಯಾರಿಗೂ ಸಿಗೂದಿಲ್ಲ, ಹೌದಲ್ಲ?”

ಆ ಮಾತು ಇಸ್ರಾರನಿಗೆ ಮುಳ್ಳಿನಂತೆ ಚುಚ್ಚಿತು. ಆದರೂ ಸತ್ತವರ ಮನೆಯ ಸಂಗತಿ, ನಾನ್ಯಾಕೆ ಕೆದಕಲಿ ಎಂದುಕೊಂಡು ಪೆನ್‌ಡ್ರೈವ್ ಸಿಕ್ಕಿಸಿದ. ಡಿಸ್ಕು ಅಳಿಯಿತು. ಹೊಸ ಆಪರೇಟಿಂಗ್ ಸಿಸ್ಟಂ ಕೂತಿತು.

ಸಂಜೆ ಬೈಲಹೊಂಗಲದ ಬಸ್ಸಿನಿಂದಿಳಿದ ಹೆಂಗಸೊಬ್ಬಳು ನೆಟ್ಟಗೆ ಅಂಗಡಿಗೆ ಬಂದಳು.

“ಮಾಂತೇಶ ಮಾರಿದ ಲ್ಯಾಪ್‌ಟಾಪ್ ಇಲ್ಲೇ ಐತೇನ್ರಿ? ನಾ ಗುರುಬಸವ್ವ, ಸಂಗೊಳ್ಳಿಯಾಕಿ. ಉಮಾಶ್ರೀ ನನ್ನ ಮಗಳು. ಕಾಲುವ್ಯಾಗ ಕಾಲ ಜಾರಿ ಬಿದ್ಲು ಅಂತ ಹೇಳಿದ್ರು. ನನ್ನ ಮಗಳಿಗೆ ಈಸಾಕ ಬರತಿತ್ರಿ.” ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನನಗೇನರ ಆದ್ರ ಇದನ್ನ ತೆಗಿ, ಎಲ್ಲಾ ಇದರಾಗ ಇಟ್ಟೇನಿ ಅಂದಿದ್ಲು.”

ಇಸ್ರಾರ ಮೇಜಿನ ಮೇಲಿದ್ದ ಆ ಲ್ಯಾಪ್‌ಟಾಪಿನತ್ತ ನೋಡಿದ.

“ಅಳಿಸಿಬಿಟ್ಟೆನ್ರಿ ಅಮ್ಮಾ,” ಎಂದ. ಆಮೇಲೆ, ಅವಳ ಸಮಾಧಾನಕ್ಕೋ ತನ್ನದಕ್ಕೋ ತಿಳಿಯದೆ, “ಹಂಗ ನೋಡಿದ್ರ, ಇದ್ದಿದ್ರೂ ತೆಗಿಯಾಕ ಆಗತಿದ್ದಿಲ್ಲ. ಪಾಸ್‌ವರ್ಡ್ ಅಕಿಗಷ್ಟ ಗೊತ್ತಿತ್ತು,” ಎಂದು ಸೇರಿಸಿದ.

“ನನಗ ಗೊತ್ತೈತ್ರಿ. ಅಕ್ಷರ ಬರೂದಿಲ್ಲ, ಖರೆ. ಬೆರಳ ಹಿಡದು ಕಲಿಸ್ಯಾಳ.”

ಅಳಿಸುವುದೆಂದರೆ ಏನೆಂದು ಅವಳಿಗೆ ತಿಳಿದಂತಿರಲಿಲ್ಲ. ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡಳು. ಹೊಸ ಪರದೆ ಮಾಲೀಕರ ಹೆಸರು ಕೇಳುತ್ತ ನಿಂತಿತ್ತು. ಇಸ್ರಾರನಿಗೆ ತಡೆಯುವ ಧೈರ್ಯವಾಗಲಿಲ್ಲ.

ಗುರುಬಸವ್ವ ತೋರುಬೆರಳಿನಿಂದ ಹುಡುಕಿ ಹುಡುಕಿ ಒಂದೊಂದೇ ಗುಂಡಿ ಒತ್ತಿದಳು. ಪರದೆಯ ಮೇಲೆ ಮೂಡಿದ ಇಂಗ್ಲಿಷ್ ಅಕ್ಷರಗಳನ್ನು ಇಸ್ರಾರ ಮನಸ್ಸಿನಲ್ಲೇ ಕೂಡಿಸಿ ಓದಿದ.

ಅವ್ವಾ ಬಾ.

“ತೆರೀತೇನ್ರಿ?” ಎಂದು ಕೇಳಿದಳು ಗುರುಬಸವ್ವ.