ಬಚ್ಚಲುಮನೆಯ ವಾಸನೆ

"ನೀರೇನು ನಿಮ್ಮಪ್ಪನ ಮನೆ ಗಂಟೇನಪ್ಪಾ, ಹಾಗೆ ಹರಿಸ್ತಾ ಇದ್ದೀಯಲ್ಲ?"

ಬಚ್ಚಲುಮನೆಯ ನಲ್ಲಿ ತಿರುಗಿಸಿ ನಿಂತಿದ್ದವನನ್ನು ಅಜ್ಜಿ ಕೇಳಿದರು. ಪಕ್ಕದ ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕು ಸೋರಿದಾಗಿನಿಂದ ಸುತ್ತಲಿನ ಅಂತರ್ಜಲ ಪರೀಕ್ಷಿಸುವುದು ಅವನ ಕೆಲಸ. ಬಂಕಿನವರೋ, ಗೇಟಿಗೊಂದು 'ದುರಸ್ತಿಯಲ್ಲಿದೆ' ಬೋರ್ಡು ನೇತುಹಾಕಿ ಕೈ ತೊಳೆದುಕೊಂಡಿದ್ದರು. ನೆರೆಮನೆಗೆ ಬಂದು ಹೇಳುವ ಉಸಾಬರಿಗೆ ಹೋಗಿರಲಿಲ್ಲ. ಆ ಬೆಳಿಗ್ಗೆ ಈ ಮನೆಯ ಕಾಂಪೌಂಡಿನ ಆಚೆ ಕೊರೆಸಿದ್ದ ಪರೀಕ್ಷಾ ಕೊಳವೆಬಾವಿಯ ನೀರು ಪೆಟ್ರೋಲ್ ನಾರಿತ್ತು. ಅದಕ್ಕೇ ಇವನು ಬಂದು ಬಾಗಿಲು ತಟ್ಟಿದ್ದ.

"ಪೈಪಲ್ಲಿ ನಿಂತ ನೀರೆಲ್ಲ ಹೋಗ್ಬೇಕು ಅಜ್ಜಿ. ನೆಲದೊಳಗಿನ ನೀರು ಬಂದ ಮೇಲೇ ಹಿಡಿಯೋದು." ಪುಟ್ಟ ಸೀಸೆಯೊಂದನ್ನು ಕಂಠದವರೆಗೆ ತುಂಬಿ, ಮುಚ್ಚಳ ಬಿಗಿದು, ತಲೆಕೆಳಗು ಮಾಡಿ ನೋಡಿದ. ಒಳಗೊಂದು ಗಾಳಿಗುಳ್ಳೆ. ಗುಳ್ಳೆ ಇದ್ದರೆ ಪೆಟ್ರೋಲಿನ ಅಂಶ ಅದರೊಳಗೆ ಸೇರಿಕೊಂಡು ಪರೀಕ್ಷೆ ತಪ್ಪಾಗುತ್ತದೆ. ಅದನ್ನು ಬದಿಗಿಟ್ಟು ಇನ್ನೊಂದು ತುಂಬಿದ. ನಿಜಕ್ಕೂ ಇಷ್ಟೆಲ್ಲ ಜತನ ಬೇಕಿರಲಿಲ್ಲ, ಅವನ ಮೂಗೇ ಹೇಳುತ್ತಿತ್ತು.

"ಈ ವಾಸನೆ ಯಾವಾಗಿಂದ ಇದೆ?"

ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದ ಸೊಸೆ ಅತ್ತೆಯ ಮುಖ ನೋಡಿದಳು. ಮಗುವಿನ ತೋಳು, ಬೆನ್ನ ಮೇಲೆ ಕೆಂಪಗೆ ದದ್ದು ಎದ್ದಿತ್ತು.

"ಆ ವಾಸನೆ ನೀರಿಂದಲ್ಲ, ನನ್ನ ಮಗಂದು," ಎಂದರು ಅಜ್ಜಿ. "ಆ ಬಂಕಲ್ಲೇ ಪೆಟ್ರೋಲ್ ಹಾಕ್ತಿದ್ದ. ಕೆಲಸ ಮುಗಿಸಿ ಬಂದವನೇ ಸೀದಾ ಬಚ್ಚಲಿಗೆ. ಹೋದ ಬೇಸಿಗೇಲಿ ಎದೆನೋವು ಅಂತ ಕೂತವನು ಮೇಲೇಳಲಿಲ್ಲ. ಜನಕ್ಕೇನು, ಸತ್ತ ಅಂತಾರೆ. ಇಲ್ಲಿ ಒಂದು ಚೊಂಬು ಬಿಸಿನೀರು ಮೈಮೇಲೆ ಹುಯ್ಕೊಂಡು ನೋಡು, ಈಗ ತಾನೇ ಬಂದು ನಿಂತ ಹಾಗೆ ಘಮ್ ಅನ್ನುತ್ತೆ. ಮಗಳನ್ನ ಬಿಟ್ಟು ಹೋಗೋಕೆ ಅವನಿಗೆ ಮನಸ್ಸಿಲ್ಲ ಕಣಪ್ಪ."

ಅವನು ನಲ್ಲಿ ನಿಲ್ಲಿಸಿದ. ಹೌದು ಅಂದುಬಿಟ್ಟು ಸೀಸೆ ಹಿಡಿದು ಹೊರಟರೆ ಏನು ಗಂಟು ಹೋಗುತ್ತದೆ ಅನ್ನಿಸಿತು. ಆದರೆ ಮಗುವಿನ ಬೆನ್ನು ಕಣ್ಣೆದುರಿಗೇ ಇತ್ತು.

"ಅಜ್ಜಿ, ಸೋರಿದ ಪೆಟ್ರೋಲ್ ನಿಮ್ಮ ಬೋರ್‌ವೆಲ್‌ಗೆ ಇಳಿದಿದೆ. ಕಾಯಿಸಿದ್ರೆ ವಾಸನೆ ಇನ್ನೂ ಜಾಸ್ತಿ ಏಳುತ್ತೆ. ಮಗೂಗೆ ಈ ನೀರು ಬೇಡ. ನಿಮಗೂ ಬೇಡ. ಲ್ಯಾಬಿಂದ ವರದಿ ಬರ್ಲಿ ಅಂತ ಕಾಯೋದು ಬೇಡ, ಇವತ್ತೇ ನಿಲ್ಲಿಸಿ."

ಅಜ್ಜಿ ಸೊಸೆಯ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

"ಅನುಮಾನ ಇತ್ತು ಅತ್ತೆ. ನಿಮ್ಮ ಮುಖ ನೋಡಿ ಸುಮ್ಮನಾದೆ."

ಮಗುವಿನ ಸ್ನಾನಕ್ಕೆಂದು ಕಾಯಿಸಿಟ್ಟ ನೀರು ಬಕೆಟ್ಟಿನಲ್ಲಿ ಇನ್ನೂ ಹಬೆಯಾಡುತ್ತಿತ್ತು. ಅಜ್ಜಿ ಅದರ ಮೇಲೆ ಬಗ್ಗಿ ಒಮ್ಮೆ ಆಳವಾಗಿ ಉಸಿರೆಳೆದುಕೊಂಡರು. ಆಮೇಲೆ ಎರಡೂ ಕೈಯಲ್ಲಿ ಬಕೆಟ್ಟು ಬಗ್ಗಿಸಿ ನೀರೆಲ್ಲ ಚೆಲ್ಲಿದರು. ಹೊರಗೆ ಹೋಗಿ ಬೋರ್‌ವೆಲ್ ಮೋಟರು ನಿಲ್ಲಿಸಿ, ಫ್ಯೂಸು ಕಿತ್ತು ತಂದು ಸೊಸೆಯ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ನಾಳೆ ನಾನೇ ಬಂದು ಕೇಳ್ತೀನಿ," ಅಂದರು. "ಕೊಡಬೇಡ."