ದೇವರ ಮುಂದಿನ ನಿಂಬೆಹಣ್ಣು

"ಇದರ ತಲಿ ಯಾರ ಬೋಳಿಸ್ಯಾರ?" ದೇವರ ಪಟದ ಮುಂದಿಟ್ಟಿದ್ದ ನಿಂಬೆಹಣ್ಣನ್ನು ದೇವಕ್ಕ ಕಿಟಕಿಯ ಬೆಳಕಿಗೆ ಹಿಡಿದಳು. ಹಳದಿ ಸಿಪ್ಪೆ ಹೋಗಿ ಹಣ್ಣು ಬೆಳ್ಳಗಾಗಿತ್ತು. ಕಟ್ಟಡದ ಸಾರವೆಯಿಂದ ಬಿದ್ದು ದವಡೆ ಮುರಿದುಕೊಂಡಿದ್ದ ಮಗ ಶರಣು ಇವತ್ತು ಮತ್ತೆ ಕೆಲಸಕ್ಕೆ ಹೊರಟಿದ್ದ. ಅವನ ಜೇಬಿನಲ್ಲಿಡಲೆಂದೇ ಅವಳು ಊರಿಗೆ ಹೋಗಿ ಎಲ್ಲವ್ವನ ಗುಡಿಯಿಂದ ಅದನ್ನು ತಂದಿದ್ದಳು.

ಉಪ್ಪು ಹಾಸಿದ ಕುಕ್ಕರಿನಲ್ಲಿ ಬೆಂದ ಬಿಸ್ಕತ್ತುಗಳನ್ನು ಡಬ್ಬಿಗೆ ತುಂಬುತ್ತಿದ್ದ ಸೊಸೆ ಸಪ್ನಾಳ ಕೈ ನಿಂತಿತು. ಗಂಡನಿಗೆ ಇನ್ನೂ ಗಟ್ಟಿಯಾದದ್ದನ್ನು ಅಗಿಯಲಾಗದೆಂದು ಮೆತ್ತಗೆ ಮಾಡಿದ ಬಿಸ್ಕತ್ತು. ಖೋಲಿಯ ತುಂಬ ನಿಂಬೆಯ ಘಮ.

"ಅತ್ತಿ, ಮನ್ಯಾಗ ಬೇರೆ ನಿಂಬು ಇರಲಿಲ್ಲ. ಬಿಸ್ಕತ್ತಿಗೆ ಮ್ಯಾಲಿನ ಸಿಪ್ಪಿ ಅಷ್ಟ ತುರದೆ. ರಸ ಹಂಗ ಐತಿ." ನಿಂಬು ಯಾಕೆ, ಹೆಲ್ಮೆಟ್ ಹಾಕ್ಕೊಂಡರೆ ಸಾಕು ಎಂದು ನಿನ್ನೆ ನಕ್ಕವಳೂ ಅವಳೇ.

ದೇವಕ್ಕ ಸೊಸೆಯ ಮುಖ ನೋಡಿದಳು. "ಹೋಗ್ಲಿ ಬಿಡವಾ. ಸಿಪ್ಪಿನೂ ಅವನ ಹೊಟ್ಟಿಗೇ ಹೊಂಟೈತಿ. ಎಲ್ಲವ್ವಗ ಅಷ್ಟು ತಿಳಿಯೂದಿಲ್ಲೇನ?" ಎಂದು ಬೋಳು ಹಣ್ಣನ್ನೇ ಮಗನ ಜೇಬಿಗೆ ತುರುಕಿದಳು. ಶರಣು ನಕ್ಕ. "ಡಬ್ಬಿ ಕೊಡ, ಲೋಕಲ್ ಟ್ರೇನ್ ತಪ್ಪತೈತಿ."

ಸಪ್ನಾ ಡಬ್ಬಿ ಚಾಚಿದಳು. ಅವನು ಹಿಡಿದೆಳೆದರೂ ಬಿಡಲಿಲ್ಲ. "ಇವತ್ತ ಹೋಗಬ್ಯಾಡ್ರಿ," ಎಂದಳು. "ನಾನ ಊರಿಗೆ ಹೋಗಿ ಬೇರೆ ನಿಂಬು ತರ್ತೀನಿ."