ಐದನೇ ನಂಬರಿನ ಜೆರ್ಸಿ

ಕ್ಲಬ್ಬು ಬಿಡುವ ಆಟಗಾರ ಜೆರ್ಸಿ ಕಳಚಿಕೊಟ್ಟರೆ ಅಲ್ಲಿ ಆಡಿದ ದಿನಗಳ ನೆನಪೂ ಅದರೊಂದಿಗೇ ಹೋಗುತ್ತದೆ. ಮುಂದೆ ಆ ಜೆರ್ಸಿ ತೊಟ್ಟವನಿಗೆ ಆ ನೆನಪು ಸ್ವಂತದ್ದಾಗುತ್ತದೆ. ಫುಟ್‌ಬಾಲ್ ಮಿಡ್‌ಫೀಲ್ಡರ್ ಹೋರಾಸಿಯೊ ಪೋರ್ಚುಗಲ್, ಟರ್ಕಿ, ಮೆಕ್ಸಿಕೊ ಎಂದು ಆರು ಕ್ಲಬ್ಬುಗಳಲ್ಲಿ ಹಾಗೇ ಕಳಚುತ್ತ ಬಂದಿದ್ದ. ಈಗ ಮಂಡಿ ಸವೆದು ಅರ್ಜೆಂಟೀನಾಕ್ಕೆ ಮರಳಿ, ತನ್ನ ಮೊದಲ ಕ್ಲಬ್ಬಿನಲ್ಲಿ ಬಟ್ಟೆ ಒಗೆಯುವ ಇರ್ಮಾಳ ಮುಂದೆ ನಿಂತಿದ್ದ.

"ನನ್ನ ಐದನೇ ನಂಬರಿನ ಜೆರ್ಸಿ ಒಂದೇ ಒಂದ್ಸಲ ಹಾಕ್ಕೋತೀನಿ ಇರ್ಮಕ್ಕ. ಅಮ್ಮ ಹೋಗಿಬಿಟ್ಟಳು. ಪ್ರತಿ ಭಾನುವಾರ ನನ್ನ ಆಟ ನೋಡೋಕೆ ಬರ್ತಿದ್ದಳಂತೆ. ನನಗೆ ಒಂದೂ ನೆನಪಿಲ್ಲ."

"ಯುರೋಪು ಯುರೋಪು ಅಂತ ಕುಣೀತಾ ನೀನೇ ಬಿಚ್ಚಿ ಎಸೆದೆಯಲ್ಲೋ ಪುಣ್ಯಾತ್ಮ! ಅದೀಗ ಹೊಸ ಹುಡುಗ ಬ್ರೂನೊ ಮೈಮೇಲಿದೆ. ಅವನೂ ಕ್ಲಬ್ಬು ಬಿಡೋವರೆಗೆ ಇನ್ನೊಬ್ಬರಿಗೆ ಕೊಡೋ ಹಾಗಿಲ್ಲ."

ಹೋರಾಸಿಯೊ ಮೈದಾನದ ಬೇಲಿಯ ಬಳಿ ಹೋದ. ಅಭ್ಯಾಸದ ಆಟ ನಡೆದಿತ್ತು. ಬ್ರೂನೊ ಗೋಲು ಹೊಡೆದವನೇ ಗ್ಯಾಲರಿಯತ್ತ ಓಡಿ ಖಾಲಿ ಕುರ್ಚಿಯೊಂದಕ್ಕೆ ಕೈಬೀಸಿದ. ಆಮೇಲೆ, ಯಾರೋ ಗದರಿಸಿದಂತೆ ನಾಚಿ, ಜೋತಾಡುತ್ತಿದ್ದ ಜೆರ್ಸಿಯನ್ನು ಚಡ್ಡಿಯೊಳಗೆ ಸಿಕ್ಕಿಸಿಕೊಂಡ.

"ಏನಂದಳು?" ಹೋರಾಸಿಯೊ ಬೇಲಿ ಹಿಡಿದು ಕೂಗಿದ. "ಅವಳು ಏನಂದಳು, ಹೇಳೋ!"

ಬ್ರೂನೊ ತಿರುಗಿ ಅವನನ್ನು ಮೇಲಿಂದ ಕೆಳಗೆ ನೋಡಿದ.

"ನಮ್ಮಮ್ಮ ನನಗೆ ಅಂದಿದ್ದು ನಿನಗ್ಯಾಕಯ್ಯಾ?"